ಎರಡು ಗೋಡೆಯ ಡಬ್ಬಿ

ಫೆಬ್ರವರಿ 4

ಅಪ್ಪಾ,

ಫೋನ್ ಮಾಡಿದರೆ ನೀನು "ಹೂಂ" ಅಂದು ಇಟ್ಟುಬಿಡುತ್ತೀಯ. ಆ ಹೂಂ ಸಿಟ್ಟಿನದೋ ನಿದ್ದೆಯದೋ ಅಂತ ಆಮೇಲೆ ನಾನು ತಲೆ ಕೆಡಿಸಿಕೊಳ್ಳಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಹೂಂಗುಟ್ಟಿ ಪಾರಾಗಲು ಆಗುವುದಿಲ್ಲ.

ಕೆಲಸ ಸಿಕ್ಕಿದೆ. ಬೀಜದ ಕಂಪನಿಯಲ್ಲಿ ತರಕಾರಿ ಬೀಜ ಆರಿಸುವ ಕೆಲಸ. ಉದ್ದನೆಯ ಕೋಣೆ, ಬಿಳಿ ಮೇಜು, ತಲೆಯ ಮೇಲೇ ದೀಪ. ಫ್ಯಾನಿಲ್ಲ, ಗಾಳಿಗೆ ಬೀಜ ಹಾರುತ್ತದೆ. ಸೀನು ಬಂದರೆ ಮೂಗು ಹಿಡಿದುಕೊಂಡು ಹೊರಗೆ ಓಡಬೇಕು. ಒಡೆದದ್ದು, ಮುರುಟಿದ್ದು, ಬಣ್ಣಗೆಟ್ಟದ್ದು ಬೇರೆ ಮಾಡಿ ಒಳ್ಳೆಯದನ್ನು ತವರದ ಡಬ್ಬಕ್ಕೆ ಹಾಕಬೇಕು. ಶಾಲೆಯ ಬೆಂಚಿನ ಮೇಲೆ ಕೂರಲಾಗದವಳು ಇಲ್ಲಿ ಹೇಗೆ ಕೂರುತ್ತಾಳೆ ಅಂತ ನಿನಗೆ ಅನ್ನಿಸುತ್ತದೆ. ಕೂರುತ್ತಿಲ್ಲ, ನಿಂತೇ ಆರಿಸುತ್ತೇನೆ. ಮೇಲ್ವಿಚಾರಕರು ಮೊದಲು ಗುರಾಯಿಸಿದರು, ಆಮೇಲೆ ಬಿಟ್ಟರು.

ಇಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಬೀಜ ಅಷ್ಟು ಸಣ್ಣದು, ಅಷ್ಟು ದುಬಾರಿ. ಒಂದು ಹಿಡಿ ಹೊರಗೆ ಹೋದರೆ ಯಾರದೋ ಮನೆಗೆ ಮಹಡಿ ಬಂತು ಅಂತ ಇಲ್ಲಿಯ ಜೋಕು. ನಮ್ಮ ಅಂಗಿಗೆ ಜೇಬಿಲ್ಲ. ಉಗುರು ಬೆಳೆಸುವಂತಿಲ್ಲ. ಸಂಜೆ ಜಡೆ ಬಿಚ್ಚಿ ಕೊಡವಿ ಹೋಗಬೇಕು. ಗೇಟಿನಲ್ಲಿ ತಪಾಸಣೆ ಮಾಡುವ ಅಕ್ಕನಿಗೆ ಎಕ್ಸ್‌ರೇ ಅಂತಲೇ ಹೆಸರು. ಅವಳ ಕಣ್ಣು ಎಲ್ಲಕ್ಕಿಂತ ಮೊದಲು ಹೋಗುವುದು ಊಟದ ಡಬ್ಬಿಗೆ. ಟೊಮೆಟೊ, ಸೌತೆ, ಬದನೆ, ಮೆಣಸಿನಕಾಯಿ, ಬೀಜವಿರುವ ಯಾವುದನ್ನೂ ನಾವು ಊಟಕ್ಕೆ ತರುವಂತಿಲ್ಲ.

ನಾನು ತಂದಿರಲಿಲ್ಲ. ಆದರೆ ಹಿಂದಿನ ದಿನ ಮನೆಯಲ್ಲಿ ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಟೊಮೆಟೊ ಪಲ್ಯ ಇಟ್ಟಿದ್ದೆ. ಮುಚ್ಚಳದ ರಬ್ಬರ್ ಸುತ್ತಿನ ಸಂದಿನಲ್ಲಿ ಒಂದು ಬೀಜ ಕೂತಿತ್ತು. ಎಕ್ಸ್‌ರೇ ತಲೆಯ ಪಿನ್ನು ಕಿತ್ತು ಅದನ್ನು ಎಬ್ಬಿಸಿದಳು.

"ಏನಿದು?"

"ನಿನ್ನೆಯ ಪಲ್ಯ."

"ಎಲ್ರೂ ಹಂಗೇ ಹೇಳೋದು."

ಆ ಒಂದು ಬೀಜ ಪೊಟ್ಟಣ ಕಟ್ಟಿಸಿಕೊಂಡು ಪರೀಕ್ಷೆಯ ಕೋಣೆಗೆ ಹೋಯಿತು. ಅದು ವಾಪಸ್ಸು ಬರುವ ತನಕ ನನ್ನನ್ನು ಗೇಟಿನ ಬೆಂಚಿನ ಮೇಲೆ ಕೂರಿಸಿದರು. ಬೀಜ ಬೆಂದಿದೆ ಅಂತ ವರದಿ ಬಂತು. ಅವತ್ತಿನಿಂದ ಕೋಣೆಯಲ್ಲಿ ನನಗೆ ಬೆಂದಬೀಜ ಅಂತ ಹೆಸರು.

ಈಗ ಕೇಳುವುದು ಇಷ್ಟು. ದಿನಾ ಬಳಸಲು ಯಾವ ಡಬ್ಬಿ ಕೊಳ್ಳಲಿ? ಸಂದು ಇರಬಾರದು, ಸುತ್ತು ಇರಬಾರದು, ಸೋರಬಾರದು. ಪಾತ್ರೆಯ ವಿಷಯದಲ್ಲಿ ನಿನ್ನಷ್ಟು ತಿಳಿದವರು ನನಗೆ ಬೇರೆ ಯಾರಿದ್ದಾರೆ?

ನಿನ್ನ ಬುಗುರಿ

ಫೆಬ್ರವರಿ 19

ಬುಗುರಿಗೆ,

ಕಾಗದ ತಲುಪಿತು.

ಪ್ಲಾಸ್ಟಿಕ್ಕಿಗೆ ಬಿಸಿ ಅನ್ನ ಹಾಕಬೇಡ, ವಾಸನೆ ಹಿಡಿಯುತ್ತದೆ. ಅಂತಸ್ತಿನ ಕ್ಯಾರಿಯರ್ ಬೇಡ, ಅದರ ತುಂಬ ಸಂದು. ಗಾಜು ಒಳ್ಳೆಯದು, ಆದರೆ ನಿನ್ನ ಕೈಯಲ್ಲಿ ಗಾಜು ಎಷ್ಟು ಬಾಳುತ್ತದೆ ಅಂತ ನನಗೆ ಗೊತ್ತು. ಕೊಳ್ಳಬೇಡ. ನಾನೇ ಸ್ಟೀಲಿನಲ್ಲಿ ಮಾಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಮುಚ್ಚಳ ಉಜ್ಜಿ ಉಜ್ಜಿ ಕೂರಿಸಿದ್ದೇನೆ, ರಬ್ಬರ್ ಇಲ್ಲದೆಯೂ ಸೋರುವುದಿಲ್ಲ. ಎರಡು ಗೋಡೆ ಇದೆ. ಮಧ್ಯಾಹ್ನ ಬಿಸಿ ಇರುತ್ತದೆ. ಊಟ ಮುಟ್ಟುವ ಕಡೆ ಬೆಸುಗೆ ಇಲ್ಲ.

ನಿಮ್ಮ ಶಾಲೆಯ ಹೆಡ್ಮಾಸ್ತರು ಅಂಗಡಿಗೆ ಬಂದಿದ್ದರು. ಕುಕ್ಕರಿಗೆ ಹಿಡಿ ಹಾಕಿಸಿಕೊಂಡು ಹೋದರು. ಬೇರೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಪ್ಪ

ಮಾರ್ಚ್ 8

ಅಪ್ಪಾ,

ಡಬ್ಬಿ ಬಂದ ದಿನ ನಾನು ಅದನ್ನು ಹಾಸಿಗೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತೆ. ಹೌದು, ಕೂತೆ. ನನ್ನ ಜೊತೆ ಕೋಣೆಯಲ್ಲಿರುವ ಜರಡಿ ಅಕ್ಕ (ಬೀಜದ ಜರಡಿ ಹಿಡಿಯುವವಳು, ಅದಕ್ಕೆ ಆ ಹೆಸರು) "ಹೆಣ್ಣು ನೋಡೋಕೆ ಬಂದೋರ ಥರ ನೋಡ್ತಿದ್ದೀಯಲ್ಲೇ" ಅಂದಳು.

ಬೆಳಿಗ್ಗೆ ಹಾಕಿದ ಅನ್ನ, ಬೇಳೆ ಮಧ್ಯಾಹ್ನ ತೆರೆದಾಗ ಬೆಚ್ಚಗೇ ಇತ್ತು. ಸುತ್ತಲೂ ತಣ್ಣಗೆ ಉಣ್ಣುತ್ತಿದ್ದವರು ನನ್ನ ಡಬ್ಬಿಯ ಕಡೆ ನೋಡಿದ ರೀತಿಗೆ ನಾನು ಮುಚ್ಚಳವನ್ನು ಅಡ್ಡ ಹಿಡಿದುಕೊಂಡು ಉಂಡೆ.

ಎಕ್ಸ್‌ರೇಗೆ ಮಾತ್ರ ಸಮಾಧಾನವಿಲ್ಲ. ಬೆರಳಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾಳೆ.

"ಇದು ಟೊಳ್ಳು."

"ಎರಡು ಗೋಡೆ ಅಕ್ಕ. ನಮ್ಮಪ್ಪ ಮಾಡಿದ್ದು."

"ನಿಮ್ಮಪ್ಪಂಗೆ ಒಂದು ಗೋಡೆ ಸಾಲ್ಲಿಲ್ವಾ?"

ನಾನು ನಕ್ಕೆ. ಅವಳು ನಗಲಿಲ್ಲ.

ನಿನ್ನ ಬುಗುರಿ

ಮಾರ್ಚ್ 27

ಬುಗುರಿಗೆ,

ಎರಡನೆಯ ಕಾಗದವೂ ತಲುಪಿತು.

ನಮ್ಮ ಪಕ್ಕದ ನರ್ಸರಿಯವನು ಈಗ ದಿನಾ ಅಂಗಡಿಗೆ ಬಂದು ಕೂರುತ್ತಾನೆ. ಸಸಿ ಮಾರುವವನಲ್ಲವೇ, ನಿನ್ನ ಕೆಲಸದ ಬಗ್ಗೆ ಬಹಳ ಆಸಕ್ತಿ. ನೀನು ಆರಿಸುವುದರಲ್ಲಿ ಯಾವ ಬೀಜ ಎಲ್ಲಕ್ಕಿಂತ ದುಬಾರಿ? ಅದು ಎಷ್ಟು ಸಣ್ಣದು? ಹೊರಗೆ ಬರುವಾಗ ಡಬ್ಬಿಯ ಒಳಗಷ್ಟೇ ನೋಡುತ್ತಾರೋ, ಹೊರಮೈಯನ್ನೂ ನೋಡುತ್ತಾರೋ? ಬರೆ.

ಮುಂದಿನ ಭಾನುವಾರ ಆ ಕಡೆ ಬರುವ ಕೆಲಸವಿದೆ. ಡಬ್ಬಿಯನ್ನು ತೊಳೆದು ಒಣಗಿಸಿ ಇಟ್ಟಿರು, ತೆಗೆದುಕೊಂಡು ಹೋಗುತ್ತೇನೆ.

ಅಪ್ಪ

ಏಪ್ರಿಲ್ 16

ಅಪ್ಪಾ,

ನೀನು ಬಂದು ಹೋಗಿದ್ದರ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಆಗುತ್ತಿಲ್ಲ.

ನೀನು ಕೋಣೆಯ ಒಳಗೆ ಬರಲಿಲ್ಲ. ಬೀದಿಯಲ್ಲೇ, ಔಷಧಿ ಅಂಗಡಿಯ ಶಟರಿನ ನೆರಳಿನಲ್ಲಿ ನಿಂತೆ. ನಾನು ನೀರು ತಂದುಕೊಟ್ಟೆ. ನೀನು ಲೋಟದ ತಳ ತಿರುಗಿಸಿ ನೋಡಿ "ಇದು ಎಲ್ಲಿ ಕೊಂಡಿದ್ದು?" ಅಂದೆ. ನಾನು ಹೇಗಿದ್ದೇನೆ ಅಂತ ಕೇಳಲಿಲ್ಲ. ಡಬ್ಬಿ ಕಂಕುಳಿಗೆ ಹಾಕಿಕೊಂಡು ಹೊರಟುಬಿಟ್ಟೆ. ಆ ಕಡೆ ಬೇರೆ ಕೆಲಸವಿದೆ ಅಂತ ಬರೆದಿದ್ದೆಯಲ್ಲ, ನೀನು ಹೋದದ್ದು ನೇರ ಬಸ್ ನಿಲ್ದಾಣಕ್ಕೆ. ನಾನು ಹಿಂದೆಯೇ ಬಂದು ನೋಡಿದೆ.

ಡಬ್ಬಿ ವಾಪಸ್ಸು ಬಂದಿದೆ. ನಾನು ಅದರ ಬಗ್ಗೆ ಒಂದು ದೂರನ್ನೂ ಹೇಳಿರಲಿಲ್ಲ. ಆದರೂ ಅದರ ತಳದಲ್ಲಿ, ಅಂಚಿನ ಹತ್ತಿರ, ಮೊದಲು ಇಲ್ಲದ ಒಂದು ಹೊಳೆಯುವ ಬೆಸುಗೆಯ ಚುಕ್ಕೆ ಇದೆ. ಬೇಳೆಕಾಳಿನಷ್ಟು ಅಗಲ. ಅದರ ಕೆಳಗೆ ತೂತಿದ್ದರೆ ಬೀಜ ಹಿಡಿಸುವಷ್ಟು. ಅಲ್ಲಾಡಿಸಿದರೆ ಗೋಡೆಗಳ ನಡುವೆ ಏನೋ ಓಡಾಡುವ ಸದ್ದು. ತೀರ ಸಣ್ಣದು. ಜರಡಿ ಅಕ್ಕನಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

ಹೋದ ಕಾಗದದಲ್ಲಿ ನೀನು ಕೇಳಿದ ಪ್ರಶ್ನೆಗಳಿಗೆ ನಾನು ಉತ್ತರ ಬರೆದಿಲ್ಲ. ಬರೆಯುವುದೂ ಇಲ್ಲ. ಆ ನರ್ಸರಿಯವನು ಯಾಕೆ ನಮ್ಮ ಅಂಗಡಿಯಲ್ಲಿ ಕೂರುತ್ತಾನೆ? ಅವನ ಮನೆಯ ಪಾತ್ರೆಗಳೆಲ್ಲ ಒಮ್ಮೆಲೇ ತೂತಾದವೇ?

ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಡಬ್ಬಿಯನ್ನು ಯಾಕೆ ತೆಗೆದುಕೊಂಡು ಹೋದೆ? ಒಳಗೆ ಏನಿದೆ?

ಬುಗುರಿ

ಏಪ್ರಿಲ್ 25

ಬುಗುರಿಗೆ,

ನೀನು "ಬೆಚ್ಚಗಿತ್ತು" ಅಂತ ಬರೆದಿದ್ದೆ. ನಾನು ಮಾಡಿದ್ದು ಬಿಸಿ ಇರುವ ಡಬ್ಬಿ. ಬೆಚ್ಚಗೆ ಅಂದರೆ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ಎರಡು ಗೋಡೆ ಬೆಸೆಯುವಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಅದು ಹೊರಗೆ ಬರಲು ಸೂಜಿಯಷ್ಟು ತೂತು ಬಿಟ್ಟು ಕೊನೆಗೆ ಮುಚ್ಚಬೇಕು. ಆ ಮುಚ್ಚಿದ್ದು ಬಿರುಕು ಬಿಟ್ಟು, ತೊಳೆದ ನೀರು ಒಳಗೆ ಇಳಿದಿತ್ತು. ಒಣಗಿಸಿ ಮತ್ತೆ ಮುಚ್ಚಿದೆ. ಆಗ ಬೆಸುಗೆಯ ಒಂದು ಹನಿ ಒಳಗೆ ಬಿತ್ತು. ಸದ್ದು ಅದರದು. ಊಟಕ್ಕೆ ತೊಂದರೆಯಿಲ್ಲ.

ಈಗ ಬಿಸಿ ಇರುತ್ತದೋ ಇಲ್ಲವೋ ಅದನ್ನು ಬರೆ.

ಅಪ್ಪ

ಮೇ 10

ಅಪ್ಪಾ,

ನಿನ್ನ ಉತ್ತರ ಚೆನ್ನಾಗಿತ್ತು. ಅದೇ ತೊಂದರೆ. ಒಂದು ಸಂದೂ ಇಲ್ಲದಷ್ಟು ಚೆನ್ನಾಗಿತ್ತು. ನರ್ಸರಿಯವನ ಬಗ್ಗೆ ಕೇಳಿದ್ದಕ್ಕೆ ಮಾತ್ರ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಈಗ ಇಲ್ಲಿ ಆಗಿರುವುದನ್ನು ಕೇಳು. ದಪ್ಪ ಮೆಣಸಿನಕಾಯಿಯ ಬೀಜದ ಒಂದು ಡಬ್ಬ ತೂಕಕ್ಕೆ ಕಡಿಮೆ ಬಂದಿದೆ. ನಾನು ಆರಿಸಿದ ಮೇಜಿನ ಡಬ್ಬ. ಆ ಮೇಜಿನಲ್ಲಿ ನಾನೊಬ್ಬಳೇ ಅಲ್ಲ, ಆದರೆ ಟೊಳ್ಳು ಡಬ್ಬಿ ಇರುವವಳು ನಾನೊಬ್ಬಳೇ. ಎಲ್ಲರ ಚಪ್ಪಲಿ ಬಿಚ್ಚಿಸಿದರು, ಬಾಚಣಿಗೆ ಕೊಡವಿಸಿದರು. ಜರಡಿ ಅಕ್ಕ ನನ್ನ ಪಕ್ಕದಲ್ಲಿ ಉಣ್ಣುವುದನ್ನು ಬಿಟ್ಟಿದ್ದಾಳೆ. ಮನೆಗೆ ಬಂದ ಮೇಲೆ ಮಾತಾಡುತ್ತಾಳೆ, ಅಲ್ಲಿ ಮಾತಾಡುವುದಿಲ್ಲ.

ಎಕ್ಸ್‌ರೇ ನನ್ನ ಡಬ್ಬಿಯನ್ನು ಎಲ್ಲರೆದುರು ಅಲ್ಲಾಡಿಸಿದಳು. ಇಡೀ ಸಾಲು ಉಸಿರು ಹಿಡಿದುಕೊಂಡು ನಿಂತಿತ್ತು, ಆದ್ದರಿಂದ ಈ ಸಲ ಎಲ್ಲರಿಗೂ ಕೇಳಿಸಿತು.

"ಏನೇ ಇದು, ಗಿಲಕಿನಾ?"

"ಬೆಸುಗೆ ಹನಿ ಅಂತೆ," ಅಂದೆ.

"ಅಂತೆ ಅಂದ್ರೆ? ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ ಅಪ್ಪಾ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮಪ್ಪ ಹಾಗೆ ಬರೆದಿದ್ದಾರೆ" ಅಂದೆ. ಅವಳು ಮೇಲ್ವಿಚಾರಕರ ಮುಖ ನೋಡಿದಳು, ಅವರು ಅವಳ ಮುಖ ನೋಡಿದರು.

ಡಬ್ಬಿ ಈಗ ಆಫೀಸಿನ ಕಪಾಟಿನಲ್ಲಿದೆ. ಅದನ್ನು ಕೊಯ್ದು ನೋಡಲು ನಾನು ಒಪ್ಪಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಎರಡು ವಾರ ಯೋಚಿಸು ಅಂದಿದ್ದಾರೆ. ಶಾಲೆಯನ್ನು ನಾನೇ ಬಿಟ್ಟೆ, ಅದಕ್ಕೆ ನನ್ನ ಹತ್ತಿರ ಕಾರಣಗಳಿದ್ದವು, ನಿನಗೆ ಒಪ್ಪಿಗೆಯಾಗದಿದ್ದರೂ ಇದ್ದವು. ಇಲ್ಲಿಂದ ಹೋದರೆ ಕಳ್ಳಿ ಅನ್ನಿಸಿಕೊಂಡು ಹೋಗಬೇಕು. ಆಮೇಲೆ ಈ ಬೀದಿಯಲ್ಲಿ ಪೊರಕೆ ಹಿಡಿಯಲೂ ನನ್ನನ್ನು ಯಾರೂ ಕರೆಯುವುದಿಲ್ಲ.

ಒಪ್ಪಿಬಿಡುವುದು ಸುಲಭ. ಒಳಗಿರುವುದು ಹನಿಯೇ ಆದರೆ ನನ್ನ ಕೆಲಸ ಉಳಿಯುತ್ತದೆ, ನಿನ್ನ ಡಬ್ಬಿ ಹೋಗುತ್ತದೆ. ಒಳಗಿರುವುದು ಬೇರೆ ಏನಾದರೂ ಆದರೆ? ಬೀಜದ ಹೆಸರು ನಿನಗೆ ಹೇಳದಿದ್ದರೂ ನರ್ಸರಿಯವನಿಗೆ ಇಲ್ಲಿ ಬೇರೆ ಯಾರಾದರೂ ಪರಿಚಯದವರು ಇರಬಹುದು. ತುಂಬಲು ಒಬ್ಬರು, ಹೊತ್ತು ತರಲು ಏನೂ ತಿಳಿಯದ ನಾನು. ಇಂಥದ್ದೆಲ್ಲ ಯೋಚನೆ ಬರುತ್ತಿದೆ. ಬರುತ್ತಿದೆ ಅಂತ ನಿನಗೇ ಬರೆಯುತ್ತಿದ್ದೇನೆ.

ಕೊಯ್ಯುವ ಮೊದಲು ಇನ್ನೊಂದು ಸಲ ಬರೆ. ಏನಿದೆ?

ಬುಗುರಿ

ಮೇ 26

ಅಪ್ಪಾ,

ನಿನ್ನ ಉತ್ತರ ಬರಲಿಲ್ಲ. ಅವರು ಕೊಟ್ಟ ಸಮಯ ಮುಗಿಯಿತು. ಕೊಯ್ಯಿರಿ ಅಂದೆ.

ಯಂತ್ರಗಳನ್ನು ರಿಪೇರಿ ಮಾಡುವವನು ಕಟರ್ ತಂದ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿದ್ದರು. ಅವನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸಾರ್, ಇದನ್ನ ಕೆಡಿಸೋಕೆ ಮನಸ್ಸು ಬರ್ತಿಲ್ಲ. ಅಂಚು ನೋಡಿ ಹೆಂಗ್ ಕೂರ್ಸಿದಾರೆ."

"ಮನಸ್ಸು ಮನೇಲಿಟ್ಟು ಬಾ," ಅಂದರು ಮೇಲ್ವಿಚಾರಕರು.

ಕಟರಿನ ಸದ್ದಿಗೆ ಹಲ್ಲು ಜುಂ ಅಂದಿತು. ಹೊರಗೋಡೆ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತು. ಹಾಳೆಯ ಮೇಲೆ ಒಂದೇ ಒಂದು ಗುಂಡನೆಯ ಚೂರು ಉರುಳಿ ಬಂದು ನಿಂತಿತು. ಮೇಲ್ವಿಚಾರಕರು ಅದನ್ನು ಚಿಮಟದಲ್ಲಿ ಹಿಡಿದು ಭೂತಗನ್ನಡಿಯ ಕೆಳಗೆ ಇಟ್ಟು ಬಹಳ ಹೊತ್ತು ನೋಡಿದರು. ಉಗುರಿನಿಂದ ಒತ್ತಿದರು.

"ಬೀಜ ಹಿಂಗೆ ಹೊಳೆಯಲ್ಲ ಸಾರ್," ಅಂದಳು ಎಕ್ಸ್‌ರೇ.

"ಮೊಳಕೆ ಬರುತ್ತಾ ನೋಡ್ಬೇಕಾದ್ರೆ ಬಟ್ಟೇಲಿ ಕಟ್ಟಿಡಿ," ಅಂದ ರಿಪೇರಿಯವನು. ಯಾರೂ ನಗಲಿಲ್ಲ, ಅವನಿಗೇ ನಗು ತಡೆಯಲಾಗಲಿಲ್ಲ.

ಬೇರೆ ಏನೂ ಇರಲಿಲ್ಲ. ಒಳಗೋಡೆಯನ್ನು ಒರೆಸಿ ನೋಡಿದರು, ಧೂಳು ಕೂಡ ಇಲ್ಲ. ಡಬ್ಬಿ ಪೂರ್ತಿ ಖಾಲಿ.

ಇಷ್ಟು ಬರೆದು ನಿಲ್ಲಿಸಿದರೆ ನಿನಗೆ ಖುಷಿಯಾಗುತ್ತದೆ. ಆದರೆ ಉಳಿದದ್ದನ್ನೂ ಬರೆಯಬೇಕು. ಗೋಡೆ ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಎಲ್ಲರಿಗಿಂತ ಮೊದಲು ಬಗ್ಗಿದ್ದು ನಾನೇ. ನನ್ನ ತಲೆ ಮೇಲ್ವಿಚಾರಕರ ತಲೆಗೆ ತಾಗಿತು. ಒಳಗಿರುವುದು ಹನಿಯೇ ಅಂತ ಗೊತ್ತಿದ್ದವಳು ನೆಟ್ಟಗೆ ನಿಲ್ಲುತ್ತಿದ್ದಳು.

ಆಮೇಲೆ ಅವರು ಹಣೆ ಉಜ್ಜಿಕೊಳ್ಳುತ್ತಾ "ನಿನ್ನ ಮೇಲೆ ನಮಗೇನೂ ಅನುಮಾನ ಇರ್ಲಿಲ್ಲಮ್ಮ, ನಿಯಮ ಅಂದ್ರೆ ನಿಯಮ" ಅಂದರು.

"ನಂಗಿತ್ತು ಸಾರ್," ಅಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಅವರಿಗೆ ಅರ್ಥವಾಗಲಿಲ್ಲ. ನಿನಗೆ ಅರ್ಥವಾಗಲಿ ಅಂತ ಬರೆದಿದ್ದೇನೆ.

ಕೆಲಸ ಉಳಿದಿದೆ. ಡಬ್ಬಿಯ ತುಂಡುಗಳು ನನ್ನ ಹತ್ತಿರ ಇವೆ. ಕಳಿಸಲೋ ಬೇಡವೋ ಗೊತ್ತಾಗುತ್ತಿಲ್ಲ.

ಬುಗುರಿ

ಜೂನ್ 21

ಅಪ್ಪಾ,

ಕಾಗದ ತಲುಪಿತು ಅಂತಾದರೂ ಬರೆ. ಹೋಗಲಿ, ಫೋನ್ ಮಾಡಿ ಹೂಂ ಅನ್ನು.

ಬುಗುರಿ

ಜುಲೈ 2

ಬುಗುರಿಗೆ,

ಕೆಲಸ ಹೆಚ್ಚಿತ್ತು, ಅದಕ್ಕೇ ತಡವಾಯಿತು ಅಂತ ಬರೆಯಬಹುದು. ಹೆಚ್ಚಿರಲಿಲ್ಲ. ನಿನ್ನ ಮೇ ತಿಂಗಳ ಮೊದಲ ಕಾಗದ ಸಮಯಕ್ಕೆ ಸರಿಯಾಗಿಯೇ ತಲುಪಿತ್ತು. ಒಳಗೆ ಏನಿದೆ ಅಂತ ನೀನು ಎರಡು ಸಲ ಕೇಳಿದ್ದೆ. ಒಂದು ಸಲ ಹೇಳಿದ್ದೆನಲ್ಲ, ಎರಡನೆಯ ಸಲ ಹೇಳಲು ಮನಸ್ಸಾಗಲಿಲ್ಲ. ನಿನ್ನ ಕೆಲಸ ಹೋಗಬಹುದಾಗಿತ್ತು ಅಂತ ಗೊತ್ತಿದ್ದೂ ಬರೆಯಲಿಲ್ಲ. ಅದು ನನ್ನ ಹಟ.

ಡಬ್ಬಿ ಪೂರ್ತಿ ಖಾಲಿ ಅಂತ ಬರೆದಿದ್ದೀಯ. ಖಾಲಿ ಅಲ್ಲ. ಗಾಳಿ ಇತ್ತು. ಊಟ ಬಿಸಿ ಇರಲಿ ಅಂತ ನಾನು ಇಟ್ಟದ್ದೇ ಅದನ್ನು. ನಿಮ್ಮ ಕಟರ್ ತಾಗಿದ ಕೂಡಲೇ ಅದು ಹೋಯಿತು, ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ನರ್ಸರಿಯವನ ವಿಷಯ. ನಾನು ಮಾರ್ಚ್ ತಿಂಗಳಲ್ಲಿ ಬರೆದ ಪ್ರಶ್ನೆಗಳಲ್ಲಿ ಮೊದಲಿನ ಎರಡು ಅವನವು. ಅವನು ಪಕ್ಕದಲ್ಲಿ ಕೂತು ಬರೆಸಿದ. ಸುಮ್ಮನೆ ತಿಳಿದುಕೊಳ್ಳುವ ಕುತೂಹಲ ಅಂದುಕೊಂಡೆ. ಹೊರಮೈ ನೋಡುತ್ತಾರೋ ಅನ್ನುವುದು ನನ್ನದು. ತಟ್ಟಿ ಗೀಚಿ ಪಾಲಿಶ್ ಕೆಡಿಸಿಯಾರು ಅಂತ ಕೇಳಿದ್ದೆ.

ಡಬ್ಬಿ ಸರಿ ಮಾಡಲು ತಂದಿದ್ದಾಗ ಅವನು ಅದನ್ನು ಕೈಗೆ ತೆಗೆದುಕೊಂಡು, ಮುಚ್ಚದೆ ಇದ್ದ ತೂತಿಗೆ ಕಣ್ಣಿಟ್ಟು ನೋಡಿದ. "ಅಣ್ಣಾ, ಈ ತೂತು ಸ್ವಲ್ಪ ದೊಡ್ಡದು ಮಾಡು. ಮಗಳಿಗೆ ಹೇಳೋದೇನೂ ಬೇಡ. ತುಂಬೋರು ಅಲ್ಲಿ ನಮ್ಮೋರು ಒಬ್ರಿದಾರೆ, ಅವಳು ದಿನಾ ಹೊತ್ತು ತಂದ್ರೆ ಸಾಕು" ಅಂದ. ನಾನು ಎದ್ದು ನಿಂತು ಅವನ ಕೊರಳಪಟ್ಟಿ ಹಿಡಿದೆ ಅಂತ ನೀನು ಅಂದುಕೊಳ್ಳಬಾರದು. ನಾವು ಟೀ ಕುಡಿಯುತ್ತಿದ್ದೆವು. ಲೋಟ ಮುಗಿಯುವ ತನಕ ನಾನು ಏನೂ ಹೇಳಲಿಲ್ಲ. ತಗಡಿನ ಬೆಲೆ, ಅಂಗಡಿಯ ಬಾಡಿಗೆ, ನೀನು ಶಾಲೆಗೆ ಮತ್ತೆ ಸೇರಿದರೆ ಹೇಗೆ, ಎಲ್ಲ ತಲೆಯಲ್ಲಿ ಬಂದು ಹೋಯಿತು. ಆಮೇಲೆ ಬೆಸುಗೆ ಕಬ್ಬಿಣ ಕಾಯಿಸಿ ಅವನೆದುರೇ ತೂತು ಮುಚ್ಚಿದೆ. ಆಗಲೇ ಹನಿ ಒಳಗೆ ಬಿದ್ದದ್ದು. ನನ್ನ ಕೆಲಸದಲ್ಲಿ ಹನಿ ಒಳಗೆ ಬೀಳುವುದಿಲ್ಲ. ಅವನು ಆ ದಿನದಿಂದ ಬಂದಿಲ್ಲ.

ಆ ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು ನೀನು ನನ್ನನ್ನು ಅನುಮಾನಿಸಿದ್ದು ಸರಿ. ಅದಕ್ಕಿಂತ ಮೊದಲಿನ ಅನುಮಾನ, ಅದರ ನಂತರದ್ದು ನಿನಗೆ ಸೇರಿದ್ದು.

ತುಂಬುವವರು ಯಾರು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ನಿನ್ನ ಹತ್ತಿರದಲ್ಲೇ ಇರಬಹುದು. ಜಾಗ್ರತೆ.

ಅಪ್ಪ

ಜುಲೈ 11

ಅಪ್ಪಾ,

ನಿನ್ನ ಕಾಗದ ಬಂತು. ತುಂಬುವವರ ಬಗ್ಗೆ ನೀನು ಬರೆದದ್ದನ್ನು ಮೇಲ್ವಿಚಾರಕರಿಗೆ ಹೇಳಿದೆ. ಯಾರಿಂದ ಗೊತ್ತಾಯಿತು ಅಂತ ಕೇಳಿದರು. ನಮ್ಮಪ್ಪನಿಂದ ಅಂದೆ. ಅವರು ಮತ್ತೆ ಎಕ್ಸ್‌ರೇಯ ಮುಖ ನೋಡಿದರು. ನೋಡಲಿ. ಈಗ ಅವಳನ್ನೂ ತಪಾಸಣೆ ಮಾಡಲು ಇನ್ನೊಬ್ಬಳು ಬಂದಿದ್ದಾಳೆ. ಕಡಿಮೆಯಾದ ಬೀಜ ಇನ್ನೂ ಸಿಕ್ಕಿಲ್ಲ. ಜರಡಿ ಅಕ್ಕ ಪುನಃ ನನ್ನ ಪಕ್ಕದಲ್ಲಿ ಉಣ್ಣುತ್ತಾಳೆ. ಅವಳು ತನ್ನ ಊಟದಿಂದ ಒಂದು ತುತ್ತು ಕೊಟ್ಟರೆ ಯಾಕೆ ಕೊಟ್ಟಳು ಅಂತ ಯೋಚಿಸುತ್ತೇನೆ. ಹೀಗಾಗಿದೆ ನನ್ನ ಪಾಡು.

ಕಂಪನಿಯವರು ಎಲ್ಲರಿಗೂ ಒಂದೇ ಥರದ ಪಾರದರ್ಶಕ ಡಬ್ಬಿ ಕೊಟ್ಟಿದ್ದಾರೆ. ಒಂದೇ ಗೋಡೆ. ನನ್ನ ಅನ್ನದ ಮೇಲೆ ಮೊಟ್ಟೆ ಇದೆಯೋ ಇಲ್ಲವೋ ಇಡೀ ಬೀದಿಗೆ ಗೊತ್ತಾಗುತ್ತದೆ. ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತದೆ, ಉಣ್ಣುತ್ತೇನೆ.

ಮೊದಲಿನದು, ನಂತರದ್ದು ನನಗೆ ಸೇರಿದ್ದು ಅಂತ ಬರೆದಿದ್ದೀಯ. ಒಪ್ಪಿದೆ. ಆ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ ಅನ್ನುವುದನ್ನೂ ಬರೆಯಬೇಕು. ಈ ಕಾಗದವನ್ನೂ ನಾನು ಅನುಮಾನದಿಂದಲೇ ಓದಲು ಶುರು ಮಾಡಿದೆ. ಪ್ರತಿ ಸಾಲಿಗೂ ನಿಂತು, ಇದು ನಿಜವಿರಬಹುದೇ ಅಂತ ತಟ್ಟಿ ನೋಡಿದೆ. ಟೀ ಲೋಟದ ಸಾಲು ಬಂದ ಮೇಲೆ ನಿಲ್ಲಲಿಲ್ಲ. ಅದನ್ನು ನೀನು ಬರೆಯದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಈ ಭಾನುವಾರ ರಜೆ. ಬರುತ್ತೇನೆ. ಡಬ್ಬಿ ತರುವುದಿಲ್ಲ. ಅಲ್ಲೇ ಉಣ್ಣುತ್ತೇನೆ.

ನಿನ್ನ ಬುಗುರಿ